ನಕ್ಷೆ ನೋಡಲೆಂದು ತೆರೆದ ಪುಸ್ತಕ

ವಿದ್ಯಾಗಿರಿ, ಬಾಗಲಕೋಟೆ
ಮಂಗಳವಾರ, ಜುಲೈ ೧೪

ನನ್ನ ಮುದ್ದು ಸವಿತಾ,

ಇಳಕಲ್ಲಿನ ನಿಮ್ಮ ಮನೆಯ ಮಾಳಿಗೆಯ ಮೇಲೆ ಕೂತು ನೀನು ಇದನ್ನು ಓದುತ್ತಿರುವ ಹಾಗೆ ಊಹಿಸಿಕೊಂಡು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಅತ್ತೆಗೆ ಪಡಸಾಲೆಯಲ್ಲಿ ಕೇಳಿಸುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಬಹಳ ಬಹಳ ಸುಖವಾಗಿದ್ದೇನೆ. ನನ್ನ ಗಂಡ ನಿತಿನ ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಾಗ ದಿನಾ ಏನಾದರೂ ತರುತ್ತಾರೆ. ನಿನ್ನೆ ತಂದದ್ದು ಬರೀ ಹುರಿದ ಶೇಂಗಾ, ನನಗೆ ಅದೇ ಆಭರಣ. ಸಾಕು, ನಗಬೇಡ. ಈಗ ಕಷ್ಟ ಕೇಳು.

ಹಾಸ್ಟೆಲಿನಲ್ಲಿ ನೀನು ಊಟ ಬಿಟ್ಟು ಓದುತ್ತಿದ್ದೆಯಲ್ಲ ಆ ಡ್ರ್ಯಾಗನ್ನುಗಳ ಇಂಗ್ಲಿಷ್ ಸರಣಿ, ನಿತಿನರಿಗೂ ಅದೇ ಪ್ರಾಣ. ಹತ್ತು ಸಂಪುಟ, ಒಂದೊಂದೂ ಇಟ್ಟಿಗೆ. ಕೊನೆಯದನ್ನು ಲೇಖಕಿ ಇನ್ನೂ ಬರೆಯುತ್ತಲೇ ಇದ್ದಾರೆ. ಹೋದ ವಾರ ಮೊದಲನೆಯದನ್ನು ನನ್ನ ಕೈಗಿಟ್ಟು, ಓದ್ತೀಯೇನು ಎಂದರು. ಯೋಚಿಸಿ ಹೇಳುತ್ತೇನೆ ಎಂದೆ. ದಪ್ಪ ಪುಸ್ತಕ ಕಂಡರೆ ಓಡುವವಳು ನಾನು, ನಿನಗೆ ಗೊತ್ತು. ಅವರು ಹೊರಗೆ ಹೋದ ಮೇಲೆ ಒಳಗಿನ ನಕ್ಷೆ ಚೆಂದ ಇದೆಯೆಂದು ತೆರೆದು ಕೂತೆ. ಅಷ್ಟೇ, ನಕ್ಷೆ.

ಅತ್ತೆ ಬಂದರು. ಈ ಮನೆಯಲ್ಲಿ ಪುರಾಣ ತೆರೆದರೆ ಮುಗಿಸಿ ಮಂಗಳಾರತಿ ಎತ್ತುವವರೆಗೆ ಬಿಡುವಂತಿಲ್ಲ. ಮುಖಪುಟದ ಡ್ರ್ಯಾಗನ್ ನೋಡಿ, “ಶೇಷ ಇದ್ದಂಗ ಇದ್ದಾನಲ್ಲ” ಎಂದು ಕೈಮುಗಿದರು. ದೇವರ ಮನೆಯಿಂದ ಗ್ರಂಥವಿಡುವ ವ್ಯಾಸಪೀಠ ತಂದು, ಅದರ ಮೇಲೆ ಪುಸ್ತಕವಿಟ್ಟು, ಅಕ್ಷತೆಯನ್ನೂ ಹಾಕಿಬಿಟ್ಟರು. ಬರೇ ಚಿತ್ರ ನೋಡ್ಲಿಕ್ಕತ್ತಿದ್ದೆ ಅತ್ಯಾ, ಎಂದೆ.

“ತಗದೀ ಅಂದ್ರ ಸುರು ಆದ್ಹಂಗ.”

ಬರೆಯುವಾಕೆಯೇ ಇನ್ನೂ ಮುಗಿಸಿಲ್ಲ ಎಂದೆ.

“ಬರಿಯೂದು ಆಕಿ ಪಾಲಿಂದು. ಓದೂದು ನಿನ್ನ ಪಾಲಿಂದು.”

ಆಮೇಲೆ ಮೆಲ್ಲಗೆ ಇನ್ನೊಂದು ಹೇಳಿದರು. ಕಣ್ಣು ಮಂಜಾಗಿದ್ದ ಮಾವನವರಿಗೆ ನಿತಿನ ಇದೇ ಪೀಠದ ಮೇಲಿಟ್ಟು ಐದು ಸಂಪುಟ ಓದಿ ಹೇಳಿದ್ದರಂತೆ. ಆರನೆಯದು ಅಂಚೆಯಲ್ಲಿ ಬರುವಷ್ಟರಲ್ಲಿ ಮಾವ ಹೋಗಿಬಿಟ್ಟರು. ಕಪಾಟು ತೆರೆದು ನೋಡಿದೆ ಸವಿ. ಆರರಿಂದ ಒಂಬತ್ತರವರೆಗೆ ಎಲ್ಲವೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇವೆ. ತರಿಸಿದ್ದಾರೆ, ಬಿಚ್ಚಿಲ್ಲ.

ಅಂದಿನಿಂದ ನನಗೆ ಒಂದೇ ಚಿಂತೆ. ಪುಸ್ತಕ ಹಿಡಿಸದಿದ್ದರೆ? ಮಾವನವರ ಜಾಗದಲ್ಲಿ ಕೂತು ನಾನು ಆಕಳಿಸಿದರೆ ನಿತಿನರ ಮುಖ ಏನಾದೀತು? ತನಗೆ ತಕ್ಕವಳು ಇವಳಲ್ಲ ಎಂದು ಅವರಿಗೆ ಅನ್ನಿಸಿಬಿಟ್ಟರೆ?

ರವಿವಾರ ಬಾದಾಮಿಗೆ ಹೋಗಿದ್ದೆವು. ಹೊಂಡದ ಮೆಟ್ಟಿಲ ಮೇಲೆ ಕೂತು, ಕೆಳಗೆ ಹೆಂಗಸರು ಬಟ್ಟೆ ಒಗೆಯುವ ಸದ್ದಿನ ನಡುವೆ ಕೇಳಿಯೇಬಿಟ್ಟೆ: ಮೂರನೇದಕ್ಕ ನನಗ ಬ್ಯಾಸರಾದ್ರ ಏನ್ ಮಾಡ್ತೀರಿ? ನಿತಿನ ಚುರಮರಿ ಮೆಲ್ಲುತ್ತ ಪೊಟ್ಟಣವನ್ನು ನನ್ನ ಕಡೆಗೆ ಚಾಚಿದರು.

“ಮೂರರ ತನಕಾ ಇರ್ತೀ ಅಲ್ಲಾ,” ಎಂದರು. “ನಾಲ್ಕಕ್ಕ ಮತ್ತ ಕೇಳ್ತೇನಿ.”

ಅಷ್ಟರಲ್ಲಿ ಮಂಗವೊಂದು ಚುರಮರಿಯ ಪೊಟ್ಟಣ ಕಸಿದುಕೊಂಡು ಹೋಯಿತು. ಅಳುವುದೋ ನಗುವುದೋ ತಿಳಿಯದೆ ಅವರ ತೋಳು ಹಿಡಿದು ಕೂತೆ.

ಈಗ ನಿನ್ನ ಕೆಲಸ. ಒಂಬತ್ತನ್ನೂ ಓದಿದವಳು ನೀನು. ಯಾರು ಯಾರು ಸಾಯುತ್ತಾರೆ, ಅದರಲ್ಲೂ ಆರನೆಯದರಲ್ಲಿ ಯಾರಾದರೊಬ್ಬರ ಅಪ್ಪ ಸಾಯುತ್ತಾನೆಯೇ, ಬೇಗ ಬರೆದು ತಿಳಿಸು. ಅದು ಗೊತ್ತಾಗದೆ ನಾನು ಮೊದಲ ಪುಟ ಮುಟ್ಟಲಾರೆ.

ಗಾಬರಿಯಲ್ಲೂ ನಿನ್ನವಳೇ ಆದ,
ವರದಾ

ತಾ.ಕ.: ಇವತ್ತು ಶುಕ್ರವಾರ. ಲಕೋಟೆ ಅಂಟಿಸದೆ ಹಾಗೇ ಇಟ್ಟುಕೊಂಡಿದ್ದೆ. ಏನೂ ತಿಳಿಸಬೇಡ. ಸಂಜೆ ದೀಪ ಹಚ್ಚಿದ ಮೇಲೆ ನಾನು ಓದಿ, ಅತ್ತೆಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದೇನೆ. ನಿತಿನ ಬಾಗಿಲ ಹತ್ತಿರ ಕೂತು ತಪ್ಪು ತಿದ್ದುತ್ತಾರೆ. ಯಾರಿಗೂ ಹೇಳಬೇಡ, ಪುಸ್ತಕ ನನಗಿನ್ನೂ ಹಿಡಿಸಿಲ್ಲ, ಡ್ರ್ಯಾಗನ್ನೇ ಬಂದಿಲ್ಲ. ಆದರೆ ನಿನ್ನೆ ಅತ್ತೆ, “ಆ ತಾಯಿ ಇಲ್ಲದ ಹುಡುಗ ಉಂಡನೇನು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಿತಿನರಿಗೆ ಗೊತ್ತಿತ್ತು, ಹೇಳಲಿಲ್ಲ, ಸುಮ್ಮನೆ ನಕ್ಕರು. ಆರನೆಯದಕ್ಕೆ ಬಂದಾಗ ಅವರಿಗೂ ಗೊತ್ತಿರುವುದಿಲ್ಲ. ಪ್ಲಾಸ್ಟಿಕ್ ಬಿಚ್ಚಲು ಈ ಮನೆಯ ಕತ್ತರಿ ಎಲ್ಲಿದೆ ಎಂದು ಈಗಲೇ ನೋಡಿಟ್ಟುಕೊಂಡಿದ್ದೇನೆ.