ಅರ್ಧ ಆಕಾಶ ಮರೆಯಾದ ಮೇಲೆ

ಆಫೀಸಿನ ಮಾಳಿಗೆ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತಾ? ಆ ದ್ವೀಪಕ್ಕೆಲ್ಲ ನೀನೊಬ್ಬಳೇ ನರ್ಸ್ ಅಂತ ಗೊತ್ತು, ಆದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ರೋಗಿಗಳಿಗೆ ಬೈಯುವ ಬಾಯಿಗೆ ಎರಡು ತುತ್ತೂ ಬೀಳಲಿ. ಇಲ್ಲಿ ಊರಲ್ಲಿ ಭಾವ, ಚಿನ್ನಿ ಇಬ್ಬರೂ ಆರಾಮ. ನಿನ್ನ ಮಗಳ ಮುಂದಿನ ಹಲ್ಲು ಬಿದ್ದಿದೆ. ನಗುವಾಗ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ.

ನಾನು ಮಾತ್ರ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಮ್ಮ ಮಾಳಿಗೆಯ ಮೇಲೆ ಅಣಬೆಯ ಹಾಗೆ ಒಂದು ಆಂಟೆನಾ ಇದೆಯಲ್ಲ, ಉಪಗ್ರಹಗಳ ಸಿಗ್ನಲ್ ಹಿಡಿದು ತಾನೆಲ್ಲಿದ್ದೇನೆ ಅಂತ ಕರಾರುವಾಕ್ಕಾಗಿ ಹೇಳುತ್ತಿತ್ತು. ಇಲ್ಲಿ ನಿಮ್ಮ ಮನೆ ಹಿಂದಿನ ಗುಡ್ಡದಲ್ಲಿ ನೆಟ್ಟಿರುವ ಇನ್ನೊಂದು ಆಂಟೆನಾ ಜಾರಿತೋ ಇಲ್ಲವೋ ಅಂತ ನಾವು ಹೇಳುವುದು ಇದರಿಂದ ಅಳೆದೇ. ಈಗ ಪಕ್ಕದಲ್ಲಿ ದೊಡ್ಡ ಕಟ್ಟಡವೊಂದು ಎದ್ದು ಅರ್ಧ ಆಕಾಶ ನುಂಗಿಬಿಟ್ಟಿದೆ. ಆ ಕಡೆಯ ಉಪಗ್ರಹಗಳು ಇದಕ್ಕೆ ಸಿಗುವುದೇ ಇಲ್ಲ. ಸಿಕ್ಕ ಕೆಲವು ಸಿಗ್ನಲ್ಲುಗಳೂ ಗಾಜಿನ ಗೋಡೆಗೆ ಬಡಿದು ಸುತ್ತಿ ಬಳಸಿ ಬರುತ್ತವೆ. ಪಾಪ, ನಿಂತಲ್ಲೇ ನಿಂತ ಆಂಟೆನಾ ಕುಡುಕನ ಹಾಗೆ ತೂರಾಡಿದಂತೆ ಲೆಕ್ಕ ಬರುತ್ತಿದೆ. ಅದರ ತಪ್ಪು ಗುಡ್ಡದ ಲೆಕ್ಕಕ್ಕೂ ಅಂಟಿಕೊಂಡಿದೆ.

ಹಾಗಾಗಿ ಗುಡ್ಡ ಜಾರುತ್ತಿದೆ ಅಂತ ಕಂಪ್ಯೂಟರ್ ಬಡಿದುಕೊಂಡಾಗ ಇಲ್ಲಿ ಯಾರೂ ಕಿವಿಗೊಡಲಿಲ್ಲ. "ಎಲ್ಲ ಆ ಗೋಡೆಯ ಕಿತಾಪತಿ," ಅಂದರು ನಮ್ಮ ಸಾಹೇಬರು. ಅದು ತಳ್ಳಿಹಾಕುವ ಮಾತೂ ಅಲ್ಲ. ಭಾವನಿಗೆ ಹೇಳಿದರೆ, ಹೊಲಿಯುತ್ತಿದ್ದ ಕೋಟಿನಿಂದ ತಲೆ ಎತ್ತದೆ, "ತಲೆ ತಿರುಗ್ತಿರೋದು ನಿನ್ನ ಡಬ್ಬಿಗೆ ಕಣಮ್ಮ, ಗುಡ್ಡಕ್ಕಲ್ಲ," ಅಂದರು. ನಾನೂ ನಕ್ಕೆ. ಆದರೆ ಗುಡ್ಡ ನಿಜವಾಗಿಯೇ ಜಾರುತ್ತಿದ್ದರೆ ಈ ಗೊಂದಲದಲ್ಲಿ ಗೊತ್ತಾಗುವುದಾದರೂ ಹೇಗೆ, ಹೇಳು? ಸಾಹೇಬರ ಬೆನ್ನು ಬಿದ್ದು ಒಪ್ಪಿಸಿ, ಕಳೆದ ವಾರ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ಬೇರೊಂದು ಆಂಟೆನಾ ನೆಟ್ಟೆ. ಅಲ್ಲಿ ಆಕಾಶಕ್ಕೆ ಅಡ್ಡಿಯೇ ಇಲ್ಲ. ಅಲ್ಲಿಂದ ಅಳೆದಾಗ ಗುಡ್ಡ ನಿಂತಲ್ಲೇ ಇದ್ದರೆ ತಪ್ಪು ಗೋಡೆಯದ್ದು. ಲೆಕ್ಕ ಇವತ್ತು ಬರಬೇಕು. ಕೆಳಗೆ ಹೋಗಿ ನೋಡುತ್ತೇನೆ, ಮೇಲೆ ಬರುತ್ತೇನೆ, ಮತ್ತೆ ಹೋಗುತ್ತೇನೆ. ಚಹಾ ಕೆನೆಗಟ್ಟಿ ಕೂತಿದೆ. ಗೋಡೆಯದ್ದೇ ತಪ್ಪಾಗಿರಲಿ ಅಂತ ಇಷ್ಟು ಆಸೆಪಟ್ಟವಳು ನಾನೊಬ್ಬಳೇ ಇರಬೇಕು.

ನಿನ್ನ ಕೈಗುಣಕ್ಕೆ ಅಲ್ಲಿಯ ಹಾಸಿಗೆಗಳೆಲ್ಲ ಬೇಗ ಖಾಲಿಯಾಗಲಿ. ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗಡಿಬಿಡಿ ತಂಗಿ

ತಾ.ಕ.: ಅಂಚೆ ದೋಣಿ ಹೊರಡುತ್ತಿದೆ, ದಡದಲ್ಲಿ ನಿಂತೇ ಬರೀತಿದ್ದೇನೆ. ಲೆಕ್ಕ ಬಂತು. ಮೈದಾನದಿಂದ ಅಳೆದರೂ ಗುಡ್ಡ ಜಾರುತ್ತಿದೆ. ನಿಧಾನಕ್ಕೆ, ಆದರೆ ದಿನಾ, ನಿಮ್ಮ ಮನೆಯ ಕಡೆಗೇ. ಸಾಹೇಬರು ನೋಡಿದವರೇ ಎದ್ದು ನನ್ನ ಜೊತೆ ನಿಮ್ಮ ಮನೆಗೆ ಬಂದರು. ನಿಮ್ಮ ಬೀದಿಯನ್ನೆಲ್ಲ ಖಾಲಿ ಮಾಡಿಸುತ್ತಿದ್ದಾರೆ. ಭಾವ ವಾದ ಮಾಡಲಿಲ್ಲ. "ಹಿಂಬಾಗಿಲು ಹಾಕಕ್ಕೇ ಬರ್ತಿಲ್ಲ. ಮರ ಉಬ್ಬಿದೆ ಅಂದ್ಕೊಂಡು ಎರಡು ಸಲ ಕೆತ್ತಿಸಿದೆ," ಅಂದರು, ಅಷ್ಟೇ. ಇಬ್ಬರೂ ನಮ್ಮನೆಯಲ್ಲಿ ಕ್ಷೇಮವಾಗಿದ್ದಾರೆ. ರಜೆಗೆ ಬಂದಾಗ ಅಭ್ಯಾಸಬಲದಿಂದ ಆ ಕಡೆ ತಿರುಗಬೇಡ ಅಕ್ಕಾ, ಸೀದಾ ಇಲ್ಲಿಗೆ ಬಾ.