ಗೋಡೆಗೊಂದು ಮೊಳೆ

ಮಸ್ಕಿ, ಗುರುವಾರ, ನವೆಂಬರ್ 20

ದೀಪಾಳ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಪಿಯುಸಿ ತರಗತಿಯಲ್ಲಿ ಹಳೆಯ ನಾಟಕದ ಪಾಠ. ರಾಜಕುಮಾರಿ ಶತ್ರುವಿನ ಅರಮನೆಯಲ್ಲಿ ದಾಸಿಯಾಗಿ ಬದುಕುತ್ತಾಳೆ. ‘ಅಂಜಿಕೆಯಿಂದ ಸುಳ್ಳು ಹೇಳಿ ಗುರುತು ಮುಚ್ಚಿಟ್ಟಳು’ ಎಂದು ಬೋರ್ಡಿನ ಮೇಲೆ ಬರೆದೆ. ಗೈಡಿನ ಉತ್ತರವೂ ಅದೇ. ಹಟ್ಟಿಯಿಂದ ಬಸ್ಸಿಗೆ ಬರುವ ದೀಪಾ ಎದ್ದು ನಿಂತಳು.

“ಆಕಿ ಎಲ್ಲಿ ಸುಳ್ಳು ಹೇಳ್ಯಾಳ್ರೀ ಮೇಡಂ? ಅವರು ಹಂಗ ತಿಳ್ಕೊಂಡ್ರು, ಆಕಿ ಸುಮ್ನಿದ್ಲು.”

“ಸುಮ್ನಿರೋದು ಸುಳ್ಳಲ್ಲೇನವಾ?”

“ಖರೇ ಹೇಳಿದ್ರ ಇರಾಕ ಜಾಗ ಕೊಡ್ತಿದ್ರೇನ್ರೀ?”

ಬೋರ್ಡು ಒರೆಸಿದೆ.

ಸಂಜೆ ನನ್ನ ಬಾಡಿಗೆ ಮನೆಯ ಮಾಲಕಿ ಶೇಖರಮ್ಮ ರೊಟ್ಟಿ ತಂದುಕೊಟ್ಟರು. ನಾನು ಮಾಂಸ ತಿನ್ನುವುದಿಲ್ಲ. ಬಂದ ದಿನ ‘ಶರಣ್ರೀ’ ಎಂದಿದ್ದೆ. ಅಷ್ಟಕ್ಕೇ ನನ್ನನ್ನು ತಮ್ಮ ಲಿಂಗಾಯತರ ಪೈಕಿ ಅಂದುಕೊಂಡಿದ್ದಾರೆ; ನಾನೂ ತಿದ್ದಿಲ್ಲ.

“ಸುರೇಖಾ, ಸೋಮವಾರ ಜಂಗಮರ ಊಟ ಐತಿ. ಹೋಳಿಗಿ ಮಾಡಾಕ ಅಡಿಗಿಮನಿಗೆ ಬಾರವ್ವ,” ಎಂದರು. ಹೂಂ ಅಂದೆ.

ಅಪ್ಪ ಕೊಟ್ಟ ಬುದ್ಧ, ಬಾಬಾಸಾಹೇಬರ ಜೋಡಿ ಫೋಟೊ ಜೂನ್‌ನಿಂದ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗಿತ್ತು. ಈಗ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಗೋಡೆಯಲ್ಲಿ ಮೊಳೆ ಇಲ್ಲ. ಸುತ್ತಿಗೆ ಇರುವುದು ಶೇಖರಮ್ಮನ ಹತ್ತಿರ. ಬೆಳಿಗ್ಗೆ ಹೋಗಿ ಕೇಳಬೇಕು. ಯಾತಕ್ಕೆ ಎಂದು ಕೇಳದೆ ಕೊಡುವವರಲ್ಲ.