ಬಲೆ ಕಾಣುವ ಫೋಟೋ

ದೇರೆಬೈಲ್, ಮಂಗಳೂರು

ಪ್ರೀತಿಯ ಅಂಗಾರ ಮಾವನಿಗೆ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅಮ್ಮನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಹೊಳೆಬದಿಗೆ ಹೋಗಿ, ನೀರುನಾಯಿಗೆ ಇಟ್ಟ ಉರುಳು ತೆಗೆದುಬಿಡಿ.

ಬಲೆ ಹರಿದದ್ದು ಅದಲ್ಲ, ನಾನು. ಆ ಸಂಜೆ ಬೆಳಕು ಇಳಿಯುತ್ತಿತ್ತು. ನೀರುನಾಯಿ ಒಂದು ಕ್ಷಣವೂ ನಿಲ್ಲದೆ ಫೋಟೋಗಳೆಲ್ಲ ಮಸುಕಾಗುತ್ತಿದ್ದವು. ಅದು ಒಂದೇ ಕಡೆ ನಿಲ್ಲಲಿ ಎಂದು, ನಿಮ್ಮದೇ ಬುಟ್ಟಿಯಿಂದ ಒಂದು ಕಾಣೆ ಮೀನು ತೆಗೆದು ನಿಮ್ಮ ಬಲೆಗೆ ಕಟ್ಟಿದೆ. ಬಂತು, ನಿಂತಿತು, ಫೋಟೋ ಸಿಕ್ಕಿತು. ಆಮೇಲೆ ಅದರ ಕಾಲು ಬಲೆಗೆ ಸಿಕ್ಕಿಕೊಂಡಿತು. ಬಿಡಿಸಲು ಬಲೆ ಕೊಯ್ದೆ.

ಮರುದಿನ ನೀವು, "ನೋಡು ಮಾರಾಯ್ತಿ, ಆ ಕಳ್ಳ ನೀರುನಾಯಿ ಎಂತ ಮಾಡಿ ಹಾಕಿದೆ!" ಎಂದಾಗ ನಾನು "ಹೌದು ಮಾವ" ಎಂದೆ. ಆ ಫೋಟೋಕ್ಕೆ ಸ್ಪರ್ಧೆಯಲ್ಲಿ ಬಹುಮಾನ ಬಂದಾಗಲೂ ನಿಜ ಹೇಳಲಿಲ್ಲ. ನೀವು ಅದಕ್ಕೆ ಫ್ರೇಮ್ ಹಾಕಿಸಿ, ಮನೆಗೆ ಬಂದವರಿಗೆಲ್ಲ "ನಮ್ಮ ಹುಡುಗಿ ತೆಗೆದದ್ದು" ಎಂದು ತೋರಿಸುತ್ತೀರಂತೆ.

ಬಹುಮಾನ ಬೇಡವೆಂದು ಸ್ಪರ್ಧೆಯವರಿಗೆ ಬರೆದಿದ್ದೇನೆ. ಅಂಚು ಕತ್ತರಿಸುವ ಮೊದಲಿನ ಫೋಟೋ ಇದರೊಟ್ಟಿಗೆ ಉಂಟು. ಕೆಳಗೆ ನಿಮ್ಮ ಬಲೆ, ನಾನು ಕಟ್ಟಿದ ಮೀನು ಎರಡೂ ಕಾಣುತ್ತವೆ. ಗೋಡೆಯದನ್ನು ಇಳಿಸಿ, ಅದೇ ಫ್ರೇಮಿಗೆ ಇದನ್ನು ಹಾಕಿ. ಬಂದವರು ಕೇಳಿದರೆ ಈಗಲೂ ನನ್ನ ಹೆಸರೇ ಹೇಳಿ.

ನಿಮ್ಮ
ದೀಕ್ಷಿತಾ